ಮಕ್ಕಂದೂರು ಜರಿದರೆ ಕುಟ್ಟದ ಬಾಗಿಲು ಏಕೆ ಮುಚ್ಚಬೇಕು?



ದಸರಾ ರಜೆ ಹತ್ತಿರ ಬಂತೆಂದರೆ ನಮ್ಮ ಮನೆಯ ಫೋನಿಗೆ ಬರುವ ಮೊದಲ ಪ್ರಶ್ನೆ ಬಾಡಿಗೆಯದಲ್ಲ. 'ಈಗ ಬರಬಹುದಾ ಮೇಡಂ, ಅಲ್ಲೆಲ್ಲ ಗುಡ್ಡ ಜರಿಯುತ್ತಂತಲ್ಲ?' 2018ರಲ್ಲಂತೂ ಬೆಂಗಳೂರಿನ ಒಬ್ಬರು 'ನಿಮ್ಮ ಮನೆ ಇನ್ನೂ ಇದೆಯಾ?' ಎಂದೇ ಕೇಳಿದ್ದರು. ಅದೇ ಮನೆಯ ಜಗಲಿಯಲ್ಲಿ ಕೂತು ನಾನು ಅವರ ಮುಂಗಡ ವಾಪಸು ಕಳಿಸಿದೆ.

ನಮ್ಮದು ಕೊಡಗಿನ ಕುಟ್ಟದ ಕಡೆ, ಕಾಫಿ ತೋಟದೊಳಗಿನ ಮೂರು ಕೋಣೆಯ ಹೋಮ್‌ಸ್ಟೇ. ಆ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದು ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲದ ಕಡೆ. ನಮ್ಮಿಂದ ಎರಡು ತಾಸಿನ ದಾರಿ. ಪ್ರವಾಸಿಗರು ಬರಕೂಡದೆಂಬ ಆದೇಶ ಮಾತ್ರ ಇಡೀ ಜಿಲ್ಲೆಗೆ. ಮೊದಲ ದಿನಗಳಲ್ಲಿ ಅದು ಸರಿಯೇ ಇತ್ತು. ರಕ್ಷಣೆಗೆ ಹೊರಟ ವಾಹನಕ್ಕೇ ರಸ್ತೆ ಇಲ್ಲದಾಗ ಬಂಧುಬಳಗವೂ ಬರುವುದು ಬೇಡ. ಜರಿದ ಮನೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡವರನ್ನೂ ಕೊಡಗು ಕಂಡಿದೆ.

ನನ್ನ ತಕರಾರು ಆಮೇಲಿನದ್ದು. 'ಬರಬೇಡಿ' ಎಂದದ್ದು ಎಲ್ಲ ವಾಹಿನಿಗಳಲ್ಲಿ ದಿನವಿಡೀ ಓಡಿತು. 'ಇನ್ನು ಬನ್ನಿ' ಎಂದದ್ದು ಒಳಪುಟದ ಮೂಲೆ ಸೇರಿತು. ಎರಡಂತಸ್ತಿನ ಮನೆಯೊಂದು ಇಳಿಜಾರಿನಲ್ಲಿ ಜಾರಿಹೋಗುವ ವಿಡಿಯೊ ದಸರೆಯವರೆಗೂ ಫೋನಿಂದ ಫೋನಿಗೆ ಹೋಗುತ್ತಲೇ ಇತ್ತು. ಆ ವರ್ಷ ಅಕ್ಟೋಬರ್ 17ಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ, 18ಕ್ಕೆ ಆಯುಧಪೂಜೆ, 19ಕ್ಕೆ ವಿಜಯದಶಮಿ, ಬೆನ್ನಿಗೇ ಶನಿವಾರ, ಭಾನುವಾರ. ಮಳೆಗಾಲವಿಡೀ ಕೈಕಟ್ಟಿ ಕೂತವರು ಸಾಲದ ಕಂತು ಹೊಂದಿಸಿಕೊಳ್ಳುವುದು ಇಂಥ ದಿನಗಳಲ್ಲೇ. ನಮ್ಮ ಮೂರು ಕೋಣೆಗಳಲ್ಲಿ ಆ ಐದು ದಿನ ಒಂದು ಹಾಸಿಗೆಯೂ ಮಾಸಲಿಲ್ಲ. ಕಡಂಬುಟ್ಟು ಬೇಯಿಸಲು ಬರುವ ಹೆಂಗಸಿಗೆ 'ಈ ವಾರ ಬೇಡ' ಎಂದೆ, ಮುಂದಿನ ವಾರವೂ ಅದನ್ನೇ ಎಂದೆ. ಅವಳದ್ದು ದಿನಗೂಲಿ. ಅವಳ ಅಣ್ಣ ಮಕ್ಕಂದೂರಿನ ಕಡೆ ಲೈನ್‌ಮನೆ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿದ್ದ. ಅವನಿಗೆ ಅಕ್ಕಿ, ಬೇಳೆ, ಕಂಬಳಿ ಸಿಕ್ಕಿತು, ಸಿಗಲೇಬೇಕಿತ್ತು. ಮನೆ ಬೀಳದ ಇವಳ ಹೆಸರು ಮಾತ್ರ ಯಾವ ಪಟ್ಟಿಗೂ ಸೇರಲಿಲ್ಲ.

2024ರ ಜುಲೈ 30ರಂದು ಗಡಿಯಾಚೆ ಕೇರಳದಲ್ಲಿ ಆದದ್ದೂ ಇದೇ. ಕೊಚ್ಚಿಹೋದದ್ದು ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ ಮತ್ತು ಚೂರಲ್‌ಮಲೆ. ಪತ್ರಿಕೆಗಳು, ಕ್ಷಮಿಸಿ ಸಂಪಾದಕರೇ, ನಿಮ್ಮದೂ ಸೇರಿ, ಇಟ್ಟ ಹೆಸರು 'ವಯನಾಡ್ ದುರಂತ'. ಆ ಹೆಸರಿಗೆ ಹೆದರಿ ಮಾನಂದವಾಡಿಗೆ ಹೋಗುವವರು ಹಿಂದೆ ಸರಿದರು, ವಯನಾಡಿಗೆ ಅಂಟಿಕೊಂಡ ಕುಟ್ಟಕ್ಕೆ ಬರಬೇಕಿದ್ದವರೂ ಹಿಂದೆ ಸರಿದರು. ಜರಿದ ಊರಿನ ಹೆಸರನ್ನೇ ಬರೆದರೆ ಸುದ್ದಿಯ ತೂಕವೇನೂ ಕಡಿಮೆಯಾಗದು.

ಹಾಗೆಂದು ನಮ್ಮ ವ್ಯಾಪಾರದವರು ಕೆಲವರು ಹೇಳುವಂತೆ 'ಜರಿತದ ಸುದ್ದಿಯನ್ನೇ ಹಾಕಬೇಡಿ' ಎಂದು ಕೇಳುತ್ತಿಲ್ಲ. ಅದು ನಾಚಿಕೆಗೇಡಿನ ಬೇಡಿಕೆ. 2019ರಲ್ಲಿ ನಮ್ಮ ಕಡೆಯ ವಿರಾಜಪೇಟೆ ತಾಲ್ಲೂಕಿನ ತೋರದಲ್ಲೇ ಗುಡ್ಡ ಜರಿದು ಜನ ಸತ್ತರು, 2020ರಲ್ಲಿ ತಲಕಾವೇರಿಯಲ್ಲಿ ಅರ್ಚಕರ ಮನೆಯೇ ಮಣ್ಣಾಯಿತು. ದಕ್ಷಿಣ ಕೊಡಗು ಭದ್ರ ಎಂದು ನಾನು ಎದೆ ತಟ್ಟಿ ಹೇಳಲಾರೆ. ಬೆಟ್ಟದ ಇಳಿಜಾರನ್ನು ಗೋಡೆಯಂತೆ ನೆಟ್ಟಗೆ ಕಡಿದು ರಸ್ತೆ, ಮನೆ ಮಾಡಿದ್ದೂ ಜರಿತಕ್ಕೆ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದಾರೆ. ಹಾಗೆ ಕಡಿದವರಲ್ಲಿ ನಮ್ಮ ಹೋಮ್‌ಸ್ಟೇಯವರೂ ಇದ್ದಾರೆ. 'ವ್ಯೂ ಪಾಯಿಂಟ್' ಬೇಕೆಂದು ಹಾಗೆ ಕಡಿದ ಬರೆಯ ಅಂಚಿಗೇ ಕೋಣೆ ಕಟ್ಟಿದವರನ್ನು ಅತಿಥಿಗಳೂ ಕೇಳಲಿಲ್ಲ, ಪರವಾನಗಿ ಕೊಟ್ಟವರೂ ಕೇಳಲಿಲ್ಲ.

ನಾನು ಕೇಳುವುದಿಷ್ಟೇ: ಜಿಲ್ಲಾಡಳಿತ ನಿರ್ಬಂಧ ಹಾಕುವಾಗ ಯಾವ ರಸ್ತೆ, ಯಾವ ಊರು, ಮತ್ತೆ ಯಾವ ದಿನ ಪರಿಶೀಲನೆ ಎಂದು ಬರೆದು ಹಾಕಲಿ. ಕುಶಾಲನಗರ, ಸಂಪಾಜೆ, ಆನೆಚೌಕೂರು, ಕುಟ್ಟದ ಗೇಟುಗಳಲ್ಲಿ ಒಂದು ಹಲಗೆ ತೂಗುಹಾಕಿದರೂ ಸಾಕು. ತೆರವು ಮಾಡಿದ ದಿನ ಅದನ್ನೂ ಅಷ್ಟೇ ದೊಡ್ಡದಾಗಿ ಹೇಳಲಿ. ಮಳೆಗಾಲಕ್ಕೆ ಮೊದಲು ಪ್ರತಿ ಹೋಮ್‌ಸ್ಟೇಯ ಹಿಂದಿನ ಬರೆಯನ್ನು ಬಲ್ಲವರು ಬಂದು ನೋಡಲಿ, ನನ್ನ ಮನೆಯದ್ದನ್ನೂ. ಸರಿಯಿಲ್ಲ ಎಂದರೆ ನಾನೇ ಬಾಗಿಲು ಹಾಕುತ್ತೇನೆ. ಆದರೆ ಬಂದು ನೋಡಿ ಹೇಳಲಿ.

– ಹೋಮ್‌ಸ್ಟೇ ನಡೆಸುವ ಓದುಗರೊಬ್ಬರು, ಪೊನ್ನಂಪೇಟೆ ತಾಲ್ಲೂಕು