ಕ್ಷ-ಕಿರಣದ ಕೋಣೆಯಲ್ಲಿ ದುಡಿಯುವವರಿಗೆ ರಕ್ಷಣೆ ಬೇಕು

ಕೋಲಾರದ ಚಿನ್ನದ ಗಣಿಗಳ ಜನರಿಗೆ ಕ್ಷ-ಕಿರಣ ಹೊಸದಲ್ಲ. 1940ರ ದಶಕದಲ್ಲಿ ಇಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ, ನೂರಕ್ಕೆ 40ಕ್ಕೂ ಮಿಕ್ಕಿದವರ ಶ್ವಾಸಕೋಶದಲ್ಲಿ ಕಲ್ಲುಧೂಳಿನ ರೋಗವಾದ ಸಿಲಿಕೋಸಿಸ್ ಕಂಡುಬಂದಿತು. ಸುರಂಗವನ್ನು ಒಂದು ಗಳಿಗೆ ನೋಡಿ ಮೇಲೆ ಬಂದ ಅಧಿಕಾರಿಗೆ ಆ ಧೂಳಿನಿಂದ ಏನೂ ಆಗಲಿಲ್ಲ. ದಿನವೂ ಇಳಿದವನನ್ನು ಅದು ತಿಂದುಹಾಕಿತು.

2001ರಲ್ಲಿ ಗಣಿಗಳು ಮುಚ್ಚಿದವು. ಇಂದು ನಮ್ಮ ಮಕ್ಕಳು ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರಲ್ಲಿ ಹಲ್ಲಿನ ವೈದ್ಯರ ಬಳಿ ಸಹಾಯಕರಾಗಿ ಸೇರುವವರಿಗೆ ನಾವು ಗಣಿಯ ಈ ಪಾಠವನ್ನು ನೆನಪಿಸಬೇಕಾಗಿದೆ.

ರೋಗಿಗಳು ಹೆದರಬೇಕಾಗಿಲ್ಲ. ಬಾಯೊಳಗೆ ಫಿಲ್ಮ್ ಇಟ್ಟು ತೆಗೆಯುವ ಒಂದು ಚಿತ್ರದ ವಿಕಿರಣ ಅತ್ಯಲ್ಪ. ಭೂಮಿ ಆಕಾಶಗಳಿಂದ ಒಂದೆರಡು ದಿನಗಳಲ್ಲಿ ನಮ್ಮ ಮೇಲೆ ಬೀಳುವಷ್ಟೇ. ಅಗತ್ಯವಿದ್ದ ಚಿತ್ರವನ್ನು ತೆಗೆಸಬೇಕು, ಅಗತ್ಯವಿಲ್ಲದ್ದು ಬೇಡ. ಗರ್ಭಿಣಿಯರು ಮೊದಲೇ ತಿಳಿಸಬೇಕು.

ಸಹಾಯಕರ ಸಂಗತಿ ಬೇರೆ. ರೋಗಿ ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ. ಸಹಾಯಕಿ ದಿನವೂ ಅಲ್ಲೇ ಇರುತ್ತಾಳೆ. ಅಳುವ ಮಗುವಿನ ಬಾಯಲ್ಲಿ ಫಿಲ್ಮನ್ನು ಬೆರಳಿನಿಂದ ಹಿಡಿ ಎಂದು ಯಜಮಾನ ಹೇಳಿದರೆ, ಸಂಬಳಕ್ಕಿರುವವಳು ಆಗದೆನ್ನಲಾರಳು. ಅಮೆರಿಕದ ದಂತವೈದ್ಯ ಎಡ್ಮಂಡ್ ಕೆಲ್ಸ್ 1896ರಿಂದ ಕಿರಣಕ್ಕೆ ಕೈಯೊಡ್ಡಿ ಕೆಲಸ ಮಾಡಿದವರು. ಬೆರಳುಗಳು ಹೋದವು, ತೋಳು ಹೋಯಿತು; 1928ರಲ್ಲಿ ಅವರು ತಮ್ಮ ಪ್ರಾಣವನ್ನೇ ಕಳೆದುಕೊಂಡರು. ಇಂದಿನ ಯಂತ್ರಗಳ ಕಿರಣ ಅಂದಿನಷ್ಟು ಹೆಚ್ಚಲ್ಲ ನಿಜ. ಆದರೆ ದಿನವೂ ಕೈಯೊಡ್ಡುವುದು ಇಂದಿಗೂ ತಪ್ಪೇ.

ತಪ್ಪಿಸುವುದು ಕಷ್ಟವಲ್ಲ. ಫಿಲ್ಮ್ ಹಿಡಿಯಲು ಹೋಲ್ಡರ್ ಉಂಟು. ಮಗುವನ್ನು ಹಿಡಿಯಲೇಬೇಕಾದರೆ ಜೊತೆಗೆ ಬಂದ ಹಿರಿಯರು ಸೀಸದ ಮೇಲಂಗಿ ತೊಟ್ಟು ಹಿಡಿಯಬೇಕು. ಚಿತ್ರ ತೆಗೆಯುವಾಗ ಸಹಾಯಕರು ಎರಡು ಮೀಟರ್ ದೂರದಲ್ಲಿ, ಕಿರಣದ ನೇರಕ್ಕೆ ಸಿಗದಂತೆ, ಇಲ್ಲವೇ ಗೋಡೆಯ ಮರೆಯಲ್ಲಿ ನಿಲ್ಲಬೇಕು. ದೂರ ಇಮ್ಮಡಿಯಾದರೆ ಕಿರಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಕಾನೂನೂ ಇದೆ. 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ ಕ್ಷ-ಕಿರಣ ಯಂತ್ರವನ್ನು ನಡೆಸುವಂತಿಲ್ಲ. ಕಾನೂನು ಕಾಗದದಲ್ಲಿ ಉಳಿದರೆ ಬಡವನಿಗೆ ಪ್ರಯೋಜನವೇನು?

ಆದುದರಿಂದ ನಮ್ಮ ಒತ್ತಾಯ ಇಷ್ಟು: ತಪಾಸಣೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೇ ನಿಲ್ಲದೆ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳ ಸಣ್ಣ ದವಾಖಾನೆಗಳಿಗೂ ಬರಲಿ. ಅನುಮತಿ ಪತ್ರವನ್ನು ಜನ ಕಾಣುವಂತೆ ಗೋಡೆಗೆ ತೂಗುಹಾಕಲಿ. ಸಹಾಯಕರಿಗೆ ತರಬೇತಿ ಕೊಡಲಿ. ರಕ್ಷಣೆಯ ಖರ್ಚನ್ನು ಅವರ ಸಂಬಳದಲ್ಲಿ ಮುರಿಯದಿರಲಿ. ಫಿಲ್ಮ್ ಹಿಡಿಯಲಾರೆ ಎಂದವಳ ಕೆಲಸಕ್ಕೆ ಸಂಚಕಾರ ಬಾರದಿರಲಿ.

ಹಲ್ಲು ತೋರಿಸಲು ಹೋಗುವ ಕಾರ್ಮಿಕ ಬಂಧುಗಳೂ ವರ್ತಕ ಮಿತ್ರರೂ ಕೋಣೆಯಲ್ಲಿ ನಿಂತಿರುವ ಆ ಹುಡುಗಿಯ ಕಡೆಗೂ ಒಮ್ಮೆ ನೋಡಲಿ. ಅವಳು ಕೇಳಲಾರದ ಪ್ರಶ್ನೆಯನ್ನು ಅವರು ಕೇಳಲಿ.