ಅಳಿದ ತೋಳ, ಉಳಿದ ತೋಳ

ಕಾಡಂಚಿನ ಊರುಗಳಲ್ಲಿ ಕೆನ್ನಾಯಿಗಳ ಹಿಂಡು ಕಂಡಾಗ ‘ತೋಳ ಬಂತು’ ಎನ್ನುವವರು ಇಂದಿಗೂ ಇದ್ದಾರೆ. ತಪ್ಪು ಕ್ಷಮ್ಯ. ಎರಡೂ ನಾಯಿಯ ಕುಟುಂಬದವು, ಎರಡೂ ಹಿಂಡು ಕಟ್ಟಿ ಬೇಟೆಯಾಡುವಂಥವು. ಆದರೆ ಕೆನ್ನಾಯಿಯದು ಬೇರೆಯೇ ಕುಲ. ತೋಳವಾದರೋ ನಮ್ಮ ಮಳೆಕಾಡಿನ ಪ್ರಾಣಿಯೇ ಅಲ್ಲ; ಅದು ಬಯಲುಸೀಮೆಯ ಹುಲ್ಲುಗಾವಲು, ಕುರುಚಲು ಕಾಡುಗಳದು. ಇದೇ ಬಗೆಯ ತಪ್ಪು 2025ರ ಏಪ್ರಿಲ್‌ನಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಯಿತು. ಅದನ್ನು ಅಷ್ಟು ಸುಲಭವಾಗಿ ಕ್ಷಮಿಸಲಾಗದು.

ಅಮೆರಿಕದ ಕೊಲೋಸಲ್ ಬಯೋಸೈನ್ಸಸ್ ಎಂಬ ಕಂಪೆನಿ, ಸುಮಾರು 10,000ದಿಂದ 13,000 ವರ್ಷಗಳ ಹಿಂದೆ ನಿರ್ವಂಶವಾದ ‘ಡೈರ್ ವುಲ್ಫ್’ ಎಂಬ ತೋಳವನ್ನು ಮರಳಿ ಹುಟ್ಟಿಸಿದ್ದೇವೆಂದು ಸಾರಿ, ಮೂರು ಬಿಳಿಯ ಮರಿಗಳನ್ನು ಲೋಕದ ಮುಂದಿಟ್ಟಿತು.

ಆ ಅಳಿದ ಪ್ರಾಣಿ ಎಂಥದು? ಲಾಸ್ ಏಂಜಲೀಸ್ ನಗರದ ಲಾ ಬ್ರೇಯಾ ಎಂಬಲ್ಲಿ ನೆಲದಿಂದ ಡಾಂಬರು ಒಸರುತ್ತದೆ. ಅದರಲ್ಲಿ ಹೂತುಹೋದ ದೊಡ್ಡ ಪ್ರಾಣಿಗಳ ಆಸೆಗೆ ಬಂದು ತಾವೂ ಸಿಕ್ಕಿಬಿದ್ದ ಸಾವಿರಾರು ಡೈರ್ ತೋಳಗಳ ಎಲುಬುಗಳು ಅಲ್ಲಿ ದೊರೆತಿವೆ. ಮೈ ಭಾರ, ತಲೆ ಅಗಲ, ಹಲ್ಲು ದಪ್ಪ. ಈ ಹೋಲಿಕೆಯನ್ನೇ ನೋಡಿ ವಿಜ್ಞಾನಿಗಳೂ ಬಹುಕಾಲ ಅದನ್ನು ಇಂದಿನ ಬೂದುತೋಳದ ಸಮೀಪದ ಬಂಧುವೆಂದೇ ಬಗೆದಿದ್ದರು. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಪಳೆಯುಳಿಕೆಗಳ ಡಿಎನ್ಎ ಪರಿಶೀಲಿಸಿ, ಅದು ಸುಮಾರು 57 ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದ ಬೇರೆ ವಂಶವೆಂದಿತು. ಅದರ ಆಹಾರವಾಗಿದ್ದ ದೊಡ್ಡ ಸಸ್ಯಾಹಾರಿಗಳು ಇಲ್ಲವಾದಾಗ ಅದೂ ಇಲ್ಲವಾಯಿತೆಂದು ಹಲವರ ಅಭಿಮತ. ಮೊಲ ಸಿಕ್ಕರೆ ಮೊಲ, ಜಿಂಕೆ ಸಿಕ್ಕರೆ ಜಿಂಕೆ ಎಂದು ಬದುಕಬಲ್ಲ ಬೂದುತೋಳ ಉಳಿಯಿತು.

ಕಂಪೆನಿ ಮಾಡಿದ್ದಿಷ್ಟು: ಬೂದುತೋಳದ ಜೀವಕೋಶದಲ್ಲಿ 14 ವಂಶವಾಹಿಗಳನ್ನು ಆಯ್ದು 20 ತಿದ್ದುಪಡಿ ಮಾಡಿ, ಸಾಕುನಾಯಿಯ ಗರ್ಭದಲ್ಲಿ ಬೆಳೆಸಿತು. ಎತ್ತಿಗೆ ಕಪ್ಪು ಬಳಿದು, ಮೊಣಕಾಲ ಕೆಳಗೆ ಸುಣ್ಣ ಹಚ್ಚಿ ‘ಕಾಟಿ’ ಎಂದರೆ ನಮ್ಮೂರಿನ ದನಗಾಹಿ ಹುಡುಗನೂ ನಕ್ಕಾನು. ಕಂಪೆನಿಯ ಮುಖ್ಯ ವಿಜ್ಞಾನಿ ಬೆತ್ ಶಪೀರೊ ಅವರೇ ಮರುತಿಂಗಳು ಇವು 20 ತಿದ್ದುಪಡಿಗಳ ಬೂದುತೋಳಗಳೆಂದು ಹೇಳಬೇಕಾಯಿತು. ಬೇಟೆ, ಹಿಂಡಿನ ನಡವಳಿಕೆ ಕಲಿಸಲು ಆ ಮರಿಗಳಿಗೆ ಹಿರಿಯರಿಲ್ಲ. ಬೇಲಿಯೇ ಅವುಗಳ ಕಾಡು.

ಪ್ರಯೋಗಶಾಲೆಯ ಚಮತ್ಕಾರವೆಂದು ಸುಮ್ಮನಿರಬಹುದಿತ್ತು. ಆದರೆ ಅದೇ ವಾರ ಅಮೆರಿಕದ ಒಳಾಡಳಿತ ಕಾರ್ಯದರ್ಶಿ ಡಗ್ ಬರ್ಗಮ್ ಇದನ್ನು ಕೊಂಡಾಡಿ, ಅಪಾಯದಂಚಿನ ಜೀವಿಗಳಿಗೆ ಕಾನೂನಿನ ಕಟ್ಟುಪಾಡಿಗಿಂತ ಇಂಥ ಆವಿಷ್ಕಾರವೇ ದಾರಿ ಎಂಬರ್ಥದ ಮಾತಾಡಿದರು. ಅಳಿದದ್ದನ್ನು ಮತ್ತೆ ಮಾಡಬಹುದಾದರೆ ಉಳಿದದ್ದನ್ನು ಕಾಯುವ ಕಷ್ಟವೇಕೆ? ನಮ್ಮ ಭಯ ಇರುವುದು ಈ ತರ್ಕದ ಬಗ್ಗೆ.

ಏಕೆಂದರೆ ಉಳಿದ ತೋಳ ನಮ್ಮಲ್ಲೇ ಇದೆ. ಕೃಶಕಾಯದ ಭಾರತೀಯ ತೋಳವು ಬದುಕಿರುವ ಬೂದುತೋಳಗಳಲ್ಲೇ ಅತ್ಯಂತ ಹಳೆಯ ಕವಲೆಂದು 2021ರ ಇನ್ನೊಂದು ಅಧ್ಯಯನ ತೋರಿಸಿದೆ. ಭಾರತ, ಪಾಕಿಸ್ತಾನಗಳೆರಡರಲ್ಲೂ ಸೇರಿ ಉಳಿದಿರುವುದು ಸುಮಾರು 3,000 ಎಂದು 2025ರ ಅಂದಾಜು. ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಅದರ ಹೆಸರಿದೆ. ಮೇಲುಕೋಟೆಯ ಅಭಯಾರಣ್ಯ 1974ರಲ್ಲಿ ತೋಳಕ್ಕಾಗಿಯೇ ಘೋಷಿತವಾಯಿತು; ಈಚೆಗೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮವಾಗಿದೆ. ಸಂತೋಷ. ಆದರೆ ತೋಳಗಳಲ್ಲಿ ಹೆಚ್ಚಿನವು ಬದುಕುವುದು ಧಾಮಗಳ ಹೊರಗೆ, ಕುರಿಗಾಹಿಗಳ ನಡುವೆ, ಸರ್ಕಾರಿ ಕಡತಗಳು ‘ಬಂಜರು’ ಎನ್ನುವ ಹುಲ್ಲುನೆಲದಲ್ಲಿ. ಕಡತದಲ್ಲಿ ಬರಿದಾದ ನೆಲ ಕಾರ್ಖಾನೆಗೋ ಸೌರಫಲಕಕ್ಕೋ ನೆಡುತೋಪಿಗೋ ಸಲೀಸಾಗಿ ಸಲ್ಲುತ್ತದೆ. ಕುರಿ ಕಳೆದುಕೊಂಡ ಕುರಿಗಾಹಿಗೆ ಪರಿಹಾರ ಮಾತ್ರ ಅಷ್ಟು ಸಲೀಸಲ್ಲ.

ಬಯಲುಸೀಮೆಯ ಈ ಕಥೆ ಮಲೆನಾಡಿಗೂ ಹೊಸದಲ್ಲ. ನಮ್ಮ ಬೇಣಗಳಿಗೆ ಅಕೇಶಿಯಾ ಬಂದದ್ದು ಅವು ‘ಖಾಲಿ’ ಎಂಬ ನೆಪದಲ್ಲೇ. ಜೀವವೈವಿಧ್ಯ ಕಾಯ್ದೆ, 2002ರಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಈ ರಜೆಯಲ್ಲಿ ವಿದ್ಯಾರ್ಥಿ ಮಿತ್ರರು ತಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕವನ್ನು ಕೇಳಿ ತೆರೆಸಲಿ. ಬೇಣದ ಹೆಸರು, ಅಲ್ಲಿ ಮೇಯುವ ದನಗಳು, ಕಂಡ ಕೆನ್ನಾಯಿಯ ಹಿಂಡು, ಕಂಡ ತಿಂಗಳು, ಎಲ್ಲವನ್ನೂ ಹಿರಿಯರನ್ನು ಕೇಳಿ ಅದರಲ್ಲಿ ಬರೆಸಲಿ.