ಹುರಿಯುವ ಹದ ಬೆಳೆಗಾರನಿಗೂ ಗೊತ್ತಿರಲಿ

ಕಾಫಿ ಮಾರಲು ಹೋದಾಗ ನಮ್ಮಲ್ಲಿ ನಡೆಯೋದು ಎರಡೇ ಮಾತು: ತೇವಾಂಶ ಎಷ್ಟು, ಔಟ್‌ಟರ್ನ್ ಎಷ್ಟು? ರುಚಿಯ ಮಾತೇ ಬರೋದಿಲ್ಲ. ಹುರಿಯೋದು, ಕುಡಿದು ನೋಡೋದು ಪೇಟೆಯವರ ಕೆಲಸ ಅಂತ ಬಹಳ ಬೆಳೆಗಾರರು ಅಂದುಕೊಂಡಿದ್ದಾರೆ. ಇದರಿಂದ ನಷ್ಟ ಆಗುತ್ತಿರೋದು ಬೆಳೆಗಾರನಿಗೇ ಎನ್ನುವುದು ನನ್ನ ಅಭಿಪ್ರಾಯ.

ಹಸಿ ಬೀಜಕ್ಕೆ ಕಾಫಿಯ ಪರಿಮಳವೇ ಇರುವುದಿಲ್ಲ. ಅದು ಬರೋದು ಹುರಿದಾಗ. ಶಾಖ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಬೀಜ ಚಟಪಟ ಸಿಡಿಯುತ್ತದೆ. ಈ ಮೊದಲ ಸಿಡಿತ ಮುಗಿಯುತ್ತಿದ್ದಂತೆ ಇಳಿಸಿದರೆ ತಿಳಿ ಹುರಿ. ಇದರಲ್ಲಿ ಹಣ್ಣಿನಂಥ ಹುಳಿ, ತಳಿಯ ಗುಣ, ತೋಟದ ಗುಣ ಎದ್ದು ಕಾಣುತ್ತೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಮಧ್ಯಮ ಹುರಿ. ಹುಳಿ ಇಳಿದು, ಸಕ್ಕರೆ ಕಂದಿದಂಥ ಸಿಹಿ ಪರಿಮಳ ಬರುತ್ತೆ. 225 ಡಿಗ್ರಿ ಆಸುಪಾಸಿನಲ್ಲಿ ಎರಡನೇ ಸಿಡಿತ. ಅದನ್ನೂ ದಾಟಿದರೆ ಕಡು ಹುರಿ. ಬೀಜದ ಎಣ್ಣೆ ಮೇಲೆ ಬಂದು ಮಿಂಚುತ್ತೆ, ಕಹಿ ಮತ್ತು ಹೊಗೆಯ ರುಚಿ ಮುಂದಾಗುತ್ತೆ. ಕಪ್ಪಾದಷ್ಟೂ ಕೆಫೀನ್ ಜಾಸ್ತಿ ಅನ್ನೋದು ತಪ್ಪು ತಿಳುವಳಿಕೆ. ಹೆಚ್ಚಾಗೋದು ಕಹಿ ಮಾತ್ರ.

ಕಡು ಹುರಿಯಲ್ಲಿ ಯಾವ ತೋಟದ ಕಾಫಿಯಾದರೂ ಹೆಚ್ಚುಕಡಿಮೆ ಒಂದೇ ರುಚಿ. ಹಣ್ಣು ಆರಿಸಿ ಕೊಯ್ದವನದೂ, ಕಾಯಿ ಹಣ್ಣು ಸೇರಿಸಿ ಬಾಚಿದವನದೂ ಒಂದೇ ಲೋಟಕ್ಕೆ ಬೀಳುತ್ತೆ. ಹಾಲು, ಚಿಕೋರಿ ಸೇರುವ ಫಿಲ್ಟರ್ ಕಾಫಿಗೆ ಸ್ವಲ್ಪ ಗಾಢ ಹುರಿಯೇ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಬೆಳೆಯ ಗುಣ ತಿಳಿಯೋಕೆ ಅದು ಸಾಲದು.

ತಿಳಿ ಹುರಿ ಏನನ್ನೂ ಮುಚ್ಚಿಡೋದಿಲ್ಲ. ಬಲಿಯದ ಕಾಯಿಯ ಬೀಜ ಎಷ್ಟು ಹುರಿದರೂ ಮಾಸಲಾಗಿಯೇ ಉಳಿಯುತ್ತೆ, ಕುಡಿದರೆ ಒಣಹುಲ್ಲಿನ ರುಚಿ. ಪಲ್ಪಿಂಗ್ ಆದ ಮೇಲೆ ತೊಟ್ಟಿಯಲ್ಲಿ ಹೊತ್ತು ಮೀರಿ ಬಿಟ್ಟಿದ್ದರೆ ಹುಳಿತ ವಾಸನೆ. ಕಣದಲ್ಲಿ ಸರಿಯಾಗಿ ಒಣಗಿಸದೆ ರಾಶಿ ಹಾಕಿದ್ದರೆ ಮುಗ್ಗಲು. ಅಂದರೆ ಕೊಯ್ಲಿನಿಂದ ಕಣದವರೆಗೆ ಎಲ್ಲಿ ಎಡವಟ್ಟಾಯ್ತು ಅನ್ನೋದನ್ನ ಲೋಟವೇ ಹೇಳುತ್ತೆ.

ಇದಕ್ಕೆ ದೊಡ್ಡ ಯಂತ್ರ ಬೇಡ. ಸಿಪ್ಪೆ ತೆಗೆದ 100 ಗ್ರಾಂ ಬೀಜವನ್ನು ದಪ್ಪ ತಳದ ಬಾಣಲೆಗೆ ಹಾಕಿ, ಮಧ್ಯಮ ಉರಿಯಲ್ಲಿ ಕೈ ಬಿಡದೆ ಆಡಿಸಿ. ಮೊದಲ ಸಿಡಿತ ಮುಗಿದಾಗ ಅರ್ಧ ತೆಗೆದು ಬೇಗ ಆರಿಸಿ. ಉಳಿದದ್ದನ್ನು ಎರಡನೇ ಸಿಡಿತದವರೆಗೆ ಹುರಿಯಿರಿ. ಮಾರನೇ ದಿನ ಎರಡನ್ನೂ ಬೇರೆ ಬೇರೆ ಪುಡಿ ಮಾಡಿ, 10 ಗ್ರಾಂ ಪುಡಿಗೆ 180 ಮಿಲಿ ಬಿಸಿನೀರು ಹಾಕಿ, ನಾಲ್ಕು ನಿಮಿಷ ಬಿಟ್ಟು, ಹಾಲು ಸಕ್ಕರೆ ಇಲ್ಲದೆ ಕುಡಿದು ನೋಡಿ. ಅರೇಬಿಕಾ, ರೊಬಸ್ಟಾ ಎರಡಕ್ಕೂ ಇದೇ ಕ್ರಮ.

ಒಳ್ಳೆ ಕಾಫಿಗೆ ಒಳ್ಳೆ ಬೆಲೆ ಕೇಳಬೇಕಾದರೆ, ಅದು ಒಳ್ಳೆಯದು ಅಂತ ಮೊದಲು ಬೆಳೆದವನಿಗೆ ಗೊತ್ತಿರಬೇಕು. ಈ ಸಲ ಮೂಟೆ ಲಾರಿಗೆ ಏರಿಸುವ ಮುಂಚೆ ಒಂದು ಹಿಡಿ ಬೀಜ ಮನೆಯಲ್ಲೇ ಹುರಿದು ನೋಡಿ.